ತುಳುನಾಡಿನ ಐತಿಹಾಸಿಕ ಉಡುಪು ಮತ್ತು ವಸ್ತ್ರ ಸಂಗ್ರಹಗಳ ದಾಖಲೀಕರಣ ಹಾಗೂ ರಕ್ಷಣೆ

ಐತಿಹಾಸಿಕ ಉಡುಪು ಮತ್ತು ವಸ್ತ್ರ ಸಂಗ್ರಹಗಳ ದಾಖಲೀಕರಣ ಹಾಗೂ ರಕ್ಷಣೆ ಎಂದರೆ ಹಳೆಯ ಸೀರೆ, ಪಂಚೆ, ಕುಪ್ಪಸ, ಶಿರೋವಸ್ತ್ರ, ರಂಗವೇಷ, ಪೂಜಾವಸ್ತ್ರ ಮೊದಲಾದವುಗಳನ್ನು ಗುರುತಿಸಿ, ಸಂಖ್ಯೆ ನೀಡಿ, ಅವುಗಳ ವಿವರವನ್ನು ಬರೆದಿಟ್ಟು, ನಾಶವಾಗದಂತೆ ಕಾಪಾಡುವ ಕಾರ್ಯ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶದಲ್ಲಿ ಇಂತಹ ವಸ್ತುಗಳು ಒಂದೇ ಸಂಸ್ಥೆಯಲ್ಲಿ ಕೂಡಿಕೊಂಡಿಲ್ಲ. ವಸ್ತುಸಂಗ್ರಹಾಲಯಗಳು, ಜೈನ ಬಸದಿ ಮತ್ತು ಮಠಗಳು, ಯಕ್ಷಗಾನ ಮೇಳಗಳು, ದೈವಸ್ಥಾನಗಳ ಭಂಡಾರಗಳು, ಗುತ್ತು ಮನೆಗಳು ಹಾಗೂ ಸಾಮಾನ್ಯ ಕುಟುಂಬಗಳ ಪೆಟ್ಟಿಗೆಗಳಲ್ಲಿ ಅವು ಹಂಚಿಹೋಗಿವೆ. ಆದ್ದರಿಂದ ಇಲ್ಲಿ ದಾಖಲೀಕರಣವು ಕೇವಲ ಸಂಗ್ರಹಾಲಯದ ಒಳಗಿನ ಕೆಲಸವಾಗಿ ಉಳಿಯುವುದಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ 1430ರಲ್ಲಿ ಆರಂಭವಾಯಿತು. ಆ ಕಲ್ಲಿನ ಕಟ್ಟಡ ಸುಮಾರು ಆರು ಶತಮಾನಗಳ ಮಳೆಯನ್ನು ತಡೆದು ನಿಂತಿದೆ. ಅದೇ ಮಳೆಯಲ್ಲಿ ಅಟ್ಟದ ಮೇಲಿನ ಹತ್ತಿಯ ಸೀರೆಯೊಂದು ಕೆಲವು ದಶಕ ಉಳಿದರೆ ಅದೇ ಹೆಚ್ಚು. ಬಟ್ಟೆಯೊಡನೆ ಅದನ್ನು ನೇಯ್ದ, ಹೊಲಿದ ಮತ್ತು ಉಟ್ಟ ಜನರ ಬದುಕಿನ ಸಾಕ್ಷ್ಯವೂ ಅಳಿಯುತ್ತದೆ. ಶಾಸನಗಳು ಅರಸರ ಮತ್ತು ದಾನಿಗಳ ಹೆಸರನ್ನು ಉಳಿಸಿದಂತೆ ಗದ್ದೆಯಲ್ಲಿ ದುಡಿದವರ ಉಡುಪನ್ನು ಯಾವ ಶಾಸನವೂ ಉಳಿಸಿಲ್ಲ.

ಪ್ರದೇಶದ ವಸ್ತ್ರ ಪರಂಪರೆ

ಕರಾವಳಿಯ ಕೈಮಗ್ಗ ನೇಯ್ಗೆಯಲ್ಲಿ ಪದ್ಮಶಾಲಿ ಅಥವಾ ಶೆಟ್ಟಿಗಾರ ಸಮುದಾಯದ ಪಾತ್ರ ಪ್ರಮುಖವಾದುದು. ಅವರು ನೇಯುವ ಹತ್ತಿಯ ಉಡುಪಿ ಸೀರೆಯು ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದಿದೆ. ನೇಕಾರರ ಸಂಖ್ಯೆ ತೀರ ಕ್ಷೀಣಿಸಿದ್ದ ಸಮಯದಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ಇದರ ಪುನರುಜ್ಜೀವನಕ್ಕೆ ಕೆಲಸ ಮಾಡಿವೆ. ಹೊಸ ಸೀರೆ ನೇಯುವವರಿಗೆ ಹಳೆಯ ಸೀರೆಯೇ ಪಠ್ಯ. ಅಂಚಿನ ಅಗಲ, ನೂಲಿನ ಸಂಖ್ಯೆ, ಸೆರಗಿನ ಪಟ್ಟೆಗಳ ಕ್ರಮ ಇವೆಲ್ಲ ನೇಯ್ದ ವಸ್ತುವಿನಲ್ಲಿಯೇ ಉಳಿದಿರುತ್ತವೆ. ಅಳತೆ ಮತ್ತು ಛಾಯಾಚಿತ್ರಗಳೊಂದಿಗೆ ದಾಖಲಾದ ಒಂದು ಹಳೆಯ ಸೀರೆಯು ನೇಕಾರರ ಮಟ್ಟಿಗೆ ಪ್ರಾಯೋಗಿಕ ಮೌಲ್ಯವುಳ್ಳದ್ದು.

ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಯಲ್ಲಿ 1851ರ ಸುಮಾರಿಗೆ ಜಾನ್ ಹಾಲರ್ ಎಂಬವರು ಸುಧಾರಿತ ಮಗ್ಗಗಳನ್ನು ಬಳಕೆಗೆ ತಂದರು. ಖಾಕಿ ಬಣ್ಣವನ್ನು ಅವರೇ ರೂಪಿಸಿದರೆಂಬುದು ಮಂಗಳೂರಿನಲ್ಲಿ ರೂಢವಾಗಿರುವ ಮಾತು. ಆದರೆ ವಾಯವ್ಯ ಗಡಿಯ ಗೈಡ್ಸ್ ಪಡೆಯು 1840ರ ದಶಕದಲ್ಲಿಯೇ ಖಾಕಿ ಉಡುಪನ್ನು ಧರಿಸುತ್ತಿತ್ತು. ಬಣ್ಣ ಹಾಕುವ ಒಂದು ವಿಧಾನ ರೂಪುಗೊಂಡುದು ಬೇರೆ, ಆ ಬಣ್ಣದ ಉಡುಪು ಮೊದಲ ಬಾರಿಗೆ ಬಳಕೆಗೆ ಬಂದುದು ಬೇರೆ. ಹಳೆಯ ಖಾಕಿ ಅಂಗಿಯೊಂದು ಸಂಗ್ರಹಕ್ಕೆ ಬಂದಾಗ ಈ ಎರಡನ್ನೂ ಬೆರೆಸದೆ ಬರೆಯಬೇಕಾಗುತ್ತದೆ.

ಉಡುಪು ಎಂಬ ವರ್ಗಕ್ಕೆ ಇಲ್ಲಿ ನೇಯ್ದ ಬಟ್ಟೆಯಷ್ಟೇ ಸೇರುವುದಿಲ್ಲ. ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ, ಎಲೆ ಮತ್ತು ಬಿದಿರ ಕಡ್ಡಿಗಳಿಂದ ಕಟ್ಟಿ ನಾಟಿಯ ಕಾಲದಲ್ಲಿ ಬೆನ್ನಿಗೆ ಹೊದೆಯುವ ಕೊರಂಬು ಮೊದಲಾದವೂ ಉಡುಪುಗಳೇ. ಬಂಟ್ವಾಳದ ಬಿ.ಸಿ. ರೋಡ್ ಸಮೀಪದ ಸಂಚಯಗಿರಿಯಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಮತ್ತು ಅದರ ತುಳು ಬದುಕು ವಸ್ತುಸಂಗ್ರಹಾಲಯವು ಕೃಷಿ, ಕಸುಬು ಹಾಗೂ ಮನೆವಾರ್ತೆಯ ವಸ್ತುಗಳಿಗೆ ಹೆಸರಾಗಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಜಿಲ್ಲಾ ಕೇಂದ್ರದಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ 1960ರಿಂದ ನಡೆಯುತ್ತಿದೆ.

ಹವಾಮಾನ ಮತ್ತು ಹಾನಿಯ ಕಾರಣಗಳು

ಜಿಲ್ಲೆಯ ವಾರ್ಷಿಕ ಮಳೆ 3,500 ಮಿಲಿಮೀಟರಿಗೂ ಮಿಕ್ಕಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರಿಂದ 70ನ್ನು ದಾಟಿ ಕೆಲವು ದಿನ ನಿಂತರೆ ಬಟ್ಟೆಯ ಮೇಲೆ ಬೂಷ್ಟು ಬೆಳೆಯಬಹುದು. ಕರಾವಳಿಯ ಮಳೆಗಾಲದಲ್ಲಿ ಈ ಮಿತಿ ದಿನವಿಡೀ ಮೀರಿರುತ್ತದೆ. ಶೀತ ದೇಶಗಳ ಕೈಪಿಡಿಗಳು ಶೇಕಡಾ 50ರ ಆಸುಪಾಸಿನ ಆರ್ದ್ರತೆಯನ್ನು ಸೂಚಿಸುತ್ತವೆ. ಬಂಟ್ವಾಳದಲ್ಲಿ ಆ ಅಂಕಿಯನ್ನು ಹಿಡಿದು ಕೂರುವುದು ಸಣ್ಣ ಸಂಸ್ಥೆಗಳಿಗೆ ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಶೇಕಡಾ 65ರ ಕೆಳಗೆ, ಏರಿಳಿತ ಕಡಿಮೆಯಾಗಿರುವಂತೆ ನೋಡಿಕೊಂಡರೆ ಬೂಷ್ಟಿನ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಕಚೇರಿಯ ಸಮಯದಲ್ಲಿ ಮಾತ್ರ ಹವಾನಿಯಂತ್ರಣ ಯಂತ್ರವನ್ನು ನಡೆಸಿ ರಾತ್ರಿ ನಿಲ್ಲಿಸುವ ಪದ್ಧತಿ ಹಾನಿಕರ. ತಣ್ಣಗಾದ ಕೋಣೆಯೊಳಗೆ ಸಂಜೆ ತೇವಗಾಳಿ ನುಗ್ಗಿದಾಗ ಬಟ್ಟೆಯ ಮೇಲೆಯೇ ನೀರಿನಂಶ ಕೂರುತ್ತದೆ. ಅಂಥ ಯಂತ್ರಕ್ಕಿಂತ ಸದಾ ತಿರುಗುವ ಬೀಸಣಿಗೆ ಮತ್ತು ತೇವ ಹೀರುವ ಸಣ್ಣ ಸಾಧನ ಲೇಸು.

ಬೆಳಕು ಮಾಡುವ ಹಾನಿ ನಿಧಾನವಾದರೂ ಹಿಂದಿರುಗಿಸಲಾಗದ್ದು. ಮಾಸಿದ ಬಣ್ಣವನ್ನು ಯಾವ ಚಿಕಿತ್ಸೆಯೂ ಮರಳಿ ತರಲಾರದು. ಕೀಟಗಳಲ್ಲಿ ಗೆದ್ದಲು, ಜಿರಳೆ ಮತ್ತು ಬೆಳ್ಳಿಮೀನು ಹುಳ ಹತ್ತಿಯ ಗಂಜಿಗೆ ಮುತ್ತುತ್ತವೆ. ನುಸಿ ಮತ್ತು ದುಂಬಿಯ ಮರಿಗಳು ಉಣ್ಣೆ, ರೇಷ್ಮೆ, ಗರಿ, ಕೂದಲುಗಳನ್ನು ತಿನ್ನುತ್ತವೆ. ಮಗ್ಗದಲ್ಲಿ ಅಕ್ಕಿಯ ಗಂಜಿ ಹಚ್ಚಿದ ಸೀರೆಯನ್ನು ಒಗೆಯದೆಯೇ ಮಡಿಚಿಟ್ಟಿದ್ದರೆ ಅದು ಮೊದಲು ಹುಳ ಬೀಳುವ ಬಟ್ಟೆಯಾಗುತ್ತದೆ.

ಬಂಟ್ವಾಳ ಪೇಟೆ ನೇತ್ರಾವತಿಯ ದಡದಲ್ಲಿದೆ. 1923 ಮತ್ತು 1974ರ ನೆರೆಗಳು ಊರಿನ ನೆನಪಿನಲ್ಲಿ ಇಂದಿಗೂ ಉಳಿದಿವೆ. ನದಿಯ ಸಮೀಪದ ಮನೆ ಅಥವಾ ಸಂಸ್ಥೆಯಲ್ಲಿ ವಸ್ತ್ರಗಳನ್ನು ನೆಲಮಾಳಿಗೆಯ ಕಪಾಟುಗಳ ತಳದಲ್ಲಿ ಇಡದಿರುವುದು, ಸಂಗ್ರಹದ ದಾಖಲೆಯ ಒಂದು ಪ್ರತಿಯನ್ನು ಬೇರೊಂದು ಊರಿನಲ್ಲಿ ಇರಿಸುವುದು ಈ ಇತಿಹಾಸದಿಂದ ತಾನಾಗಿ ಮೂಡುವ ಎಚ್ಚರಗಳು.

ದಾಖಲೀಕರಣದ ಕ್ರಮ

ಸಂಗ್ರಹಕ್ಕೆ ಬಂದ ಪ್ರತಿಯೊಂದು ವಸ್ತುವಿಗೂ ಮೊದಲು ಒಂದು ಪ್ರವೇಶ ಸಂಖ್ಯೆಯನ್ನು ನೀಡಲಾಗುತ್ತದೆ. ಬಂದ ವರ್ಷ, ಆ ವರ್ಷದ ಎಷ್ಟನೆಯ ಕೊಡುಗೆ, ಆ ಕೊಡುಗೆಯಲ್ಲಿ ಎಷ್ಟನೆಯ ವಸ್ತು ಎಂಬ ಮೂರು ಭಾಗಗಳ ಸಂಖ್ಯೆ ಹೆಚ್ಚು ಬಳಕೆಯಲ್ಲಿದೆ. 2019ರಲ್ಲಿ ಬಂದ ಏಳನೆಯ ಕೊಡುಗೆಯ ಮೂರನೆಯ ವಸ್ತು 2019.7.3 ಆಗುತ್ತದೆ. ಈ ಸಂಖ್ಯೆಯನ್ನು ಹೊಲಿದ ಪುಟದ ದಪ್ಪ ಪುಸ್ತಕದಲ್ಲಿ ಅಳಿಸಲಾಗದ ಶಾಯಿಯಿಂದ ಬರೆಯಲಾಗುತ್ತದೆ. ಗಣಕಯಂತ್ರದಲ್ಲಿ ದಾಖಲಿಸಿದರೂ ಪುಸ್ತಕವನ್ನು ಬಿಡಬಾರದು.

ಬಟ್ಟೆಯ ಮೇಲೆ ಸಂಖ್ಯೆಯನ್ನು ನೇರವಾಗಿ ಬರೆಯುವುದಾಗಲಿ, ಅಂಟುಚೀಟಿ, ಗುಂಡುಸೂಜಿ, ಸ್ಟೇಪ್ಲರ್ ಪಿನ್ನುಗಳನ್ನು ಬಳಸುವುದಾಗಲಿ ಕೂಡದು. ಕರಾವಳಿಯ ತೇವಕ್ಕೆ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ನೂಲನ್ನೇ ತಿಂದು ತೂತು ಮಾಡುತ್ತದೆ. ಒಗೆದ ಬಿಳಿ ಹತ್ತಿಯ ಪಟ್ಟಿಯೊಂದರ ಮೇಲೆ ಬಣ್ಣ ಬಿಡದ ಶಾಯಿಯಲ್ಲಿ ಸಂಖ್ಯೆ ಬರೆದು, ಒಣಗಿದ ಮೇಲೆ ಅದನ್ನು ಎರಡೋ ಮೂರೋ ಸಡಿಲ ಹೊಲಿಗೆಗಳಿಂದ ಬಟ್ಟೆಗೆ ಸೇರಿಸುವುದು ಸರಿಯಾದ ಕ್ರಮ. ಸೀರೆಗೆ ಒಳತುದಿಯ ಅಂಚಿನಲ್ಲಿ, ಅಂಗಿಗೆ ಕುತ್ತಿಗೆಯ ಹಿಂಬದಿಯ ಒಳಗೆ ಎಂದು ಒಮ್ಮೆ ನಿರ್ಧರಿಸಿದ ಸ್ಥಳವನ್ನು ಬದಲಿಸದಿದ್ದರೆ, ಸಂಖ್ಯೆಯನ್ನು ಹುಡುಕಲು ಪ್ರತಿ ಬಾರಿ ಬಟ್ಟೆಯನ್ನು ಪೂರ್ತಿ ಬಿಚ್ಚಬೇಕಾಗುವುದಿಲ್ಲ.

ವಿವರಣೆಯಲ್ಲಿ ಉದ್ದಗಲ, ನೂಲಿನ ಬಗೆ, ಪ್ರತಿ ಸೆಂಟಿಮೀಟರಿಗೆ ಹಾಸು ಮತ್ತು ಹೊಕ್ಕುಗಳ ಎಣಿಕೆ, ನೇಯ್ಗೆಯ ವಿಧ, ಬಣ್ಣ, ಅಲಂಕಾರ, ಹೊಲಿಗೆ ಕೈಯದೋ ಯಂತ್ರದ್ದೋ ಎಂಬುದು, ಸವೆತ, ತೇಪೆ ಮತ್ತು ಕಲೆಗಳು ಇರಬೇಕು. ಯಾರು ಉಟ್ಟರು, ಯಾವ ಸಂದರ್ಭದಲ್ಲಿ, ಹೇಗೆ ಉಟ್ಟರು ಎಂಬ ಮಾಹಿತಿ ಇವೆಲ್ಲಕ್ಕಿಂತ ಬೇಗ ಕಳೆದುಹೋಗುವಂಥದ್ದು. ನೂಲನ್ನು ಐವತ್ತು ವರ್ಷಗಳ ಬಳಿಕವೂ ಎಣಿಸಬಹುದು. ಉಟ್ಟವರ ಮಾತನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ದಾನಿಯ ಎದುರಿನಲ್ಲಿ, ವಸ್ತುವನ್ನು ಸ್ವೀಕರಿಸುವ ದಿನವೇ ಈ ಭಾಗವನ್ನು ತುಂಬುವುದು ಉತ್ತಮ.

ಹೆಸರುಗಳ ಸಮಸ್ಯೆ

ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಪೇಟೆಯಲ್ಲಿ ಬಳಕೆಯಲ್ಲಿರುವ ಪ್ರದೇಶದಲ್ಲಿ ವಸ್ತುವಿನ ಹೆಸರೇ ಸಂಶೋಧನೆಯ ವಿಷಯ. ಕನ್ನಡದ ಕುಪ್ಪಸವೂ ಬ್ಯಾರಿ ಮಹಿಳೆಯರ ಕುಪ್ಪಾಯವೂ ಉಚ್ಚಾರದಲ್ಲಿ ಹತ್ತಿರವಾದರೂ ಉಡುಪಾಗಿ ಒಂದೇ ಅಲ್ಲ. ಕೊಂಕಣಿ ಮಾತನಾಡುವ ಕ್ಯಾಥೊಲಿಕರ ಮದುಮಗಳ ಸಾಡೊ ಸೀರೆಯನ್ನು ಕೇವಲ ಕೆಂಪು ರೇಷ್ಮೆ ಸೀರೆ ಎಂದು ಬರೆದರೆ ಅದರ ಮದುವೆಯ ಸಂದರ್ಭವೇ ಮರೆಯಾಗುತ್ತದೆ.

ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಉಡುಪು ಸಮಿತಿಯು ಉಡುಪುಗಳ ಸೂಚೀಕರಣಕ್ಕಾಗಿ ಮೂಲಪದಗಳ ಪಟ್ಟಿಯೊಂದನ್ನು ಪ್ರಕಟಿಸಿದೆ. ಅದು ಉಡುಪುಗಳನ್ನು ದೇಹದ ಯಾವ ಭಾಗವನ್ನು ಮುಚ್ಚುತ್ತದೆ ಎಂಬುದರ ಮೇಲೆ ವರ್ಗೀಕರಿಸುತ್ತದೆ. ಯುರೋಪಿನ ಹೊಲಿದ ಉಡುಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ಈ ಪಟ್ಟಿ, ಹೊಲಿಗೆಯಿಲ್ಲದೆ ಸುತ್ತಿ ಉಡುವ ಬಟ್ಟೆಗೆ ಅಷ್ಟಾಗಿ ಒಗ್ಗುವುದಿಲ್ಲ. ಒಂದೇ ಮುಂಡು ಸೊಂಟಕ್ಕೆ ಉಡುಗೆ, ಹೆಗಲಿಗೆ ಹೊದಿಕೆ, ತಲೆಗೆ ಮುಂಡಾಸು ಆಗಬಲ್ಲದು. ಆದ್ದರಿಂದ ದಾಖಲೆಯಲ್ಲಿ ಮೂರು ಹೆಸರುಗಳಿಗೆ ಬೇರೆ ಬೇರೆ ಜಾಗವಿರುವುದು ಒಳ್ಳೆಯದು. ದಾನಿ ಹೇಳಿದ ಹೆಸರು ಅವರದೇ ಭಾಷೆಯಲ್ಲಿ, ಸಂಸ್ಥೆಯು ಎಲ್ಲ ವಸ್ತುಗಳಿಗೂ ಏಕರೂಪವಾಗಿ ಬಳಸುವ ಹೆಸರು, ಮತ್ತು ವರ್ಗದ ಹೆಸರು. ಮೊದಲನೆಯದನ್ನು ತಿದ್ದಬಾರದು.

ಕಾಲನಿರ್ಣಯ

ಮನೆಮಂದಿ ಹೇಳುವ ವಯಸ್ಸು ಸಾಮಾನ್ಯವಾಗಿ ಒಂದೆರಡು ತಲೆಮಾರು ಹಿಂದಕ್ಕೆ ಸರಿದಿರುತ್ತದೆ. ಬಟ್ಟೆಯೇ ನೀಡುವ ಸುಳಿವುಗಳಿಂದ ಅದನ್ನು ಪರೀಕ್ಷಿಸಬಹುದು. ಕೃತಕ ಬಣ್ಣಗಳ ಯುಗ 1856ರಲ್ಲಿ ವಿಲಿಯಂ ಪರ್ಕಿನ್ ಕಂಡುಹಿಡಿದ ನೇರಳೆ ಬಣ್ಣದಿಂದ ಆರಂಭವಾಯಿತು. ಮಂಜಿಷ್ಠದ ಕೆಂಪಿಗೆ ಬದಲಾದ ಕೃತಕ ಅಲಿಝರಿನ್ 1869ರಲ್ಲಿ, ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಯ ದಾರಿ ಹಿಡಿದವು. ನೈಲಾನ್ ಬಳಕೆಗೆ ಬಂದುದು 1930ರ ದಶಕದ ಕೊನೆಯಲ್ಲಿ. ಇವು ಬಟ್ಟೆ ಯಾವ ವರ್ಷಕ್ಕಿಂತ ಹಳೆಯದಾಗಿರಲಾರದು ಎಂಬುದನ್ನು ಮಾತ್ರ ಹೇಳುತ್ತವೆ. ನೈಲಾನ್ ದಾರದ ತೇಪೆಯುಳ್ಳ ಸೀರೆ ಇನ್ನೂ ಹಳೆಯದಾಗಿರಬಹುದು, ತೇಪೆ ಮಾತ್ರ ಹೊಸದು. ಜರಿಯ ಬಗೆಯೂ ಮುಖ್ಯ. ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟ ಜರಿ, ತಾಮ್ರದ ಜರಿ, ಪ್ಲಾಸ್ಟಿಕ್ ಆಧಾರದ ಜರಿ ಇವು ಬೇರೆ ಬೇರೆ ಕಾಲ ಮತ್ತು ಬೆಲೆಗಳನ್ನು ಸೂಚಿಸುತ್ತವೆ. ನೂಲನ್ನು ಸುಟ್ಟು ನೋಡುವ ಪರೀಕ್ಷೆಯನ್ನು ತಾನಾಗಿ ಉದುರಿದ ಎಳೆಯ ಮೇಲೆ ಮಾತ್ರ ಮಾಡಬಹುದು.

ಯಕ್ಷಗಾನದ ವೇಷಭೂಷಣಗಳು

ತೆಂಕುತಿಟ್ಟಿನ ಒಂದು ವೇಷ ಒಂದು ವಸ್ತುವಲ್ಲ. ಕಿರೀಟ, ಭುಜಕೀರ್ತಿ, ಎದೆಪದಕ, ಕೈಕಟ್ಟು, ವೀರಕಸೆ, ಡಾಬು, ಸೋಗವಲ್ಲಿ, ದಗಲೆ, ಗೆಜ್ಜೆ ಹೀಗೆ ಬಿಡಿಭಾಗಗಳ ಸಮೂಹ ಅದು. ಪ್ರತಿ ಭಾಗವೂ ಮರ, ಬೇಗಡೆ, ಕನ್ನಡಿಯ ಚೂರು, ಬಟ್ಟೆ, ಉಣ್ಣೆಯ ಎಳೆ, ಅಂಟು ಎಂಬ ಹಲವು ಪದಾರ್ಥಗಳಿಂದಾಗಿದೆ. ತೇವಕ್ಕೆ ಮರ ಹಿಗ್ಗುತ್ತದೆ, ಬಟ್ಟೆ ಸಡಿಲಾಗುತ್ತದೆ, ಅಂಟು ಮೆತ್ತಗಾಗುತ್ತದೆ, ಬೇಗಡೆ ಕಳಚುತ್ತದೆ. ಒಂದಕ್ಕೆ ಹಿತವಾದ ಚಿಕಿತ್ಸೆ ಇನ್ನೊಂದಕ್ಕೆ ಕೇಡಾಗಬಹುದು. ಇಡೀ ವೇಷಕ್ಕೆ ಒಂದು ಸಂಖ್ಯೆ ನೀಡಿ, ಭಾಗಗಳಿಗೆ ಅ, ಆ, ಇ ಎಂದು ಉಪಸಂಖ್ಯೆ ಸೇರಿಸುವುದು ರೂಢಿ. ಮೇಳಗಳಲ್ಲಿ ಭಾಗಗಳು ವೇಷದಿಂದ ವೇಷಕ್ಕೆ ದಾಟುತ್ತಲೇ ಇರುತ್ತವೆ. ಆದ್ದರಿಂದ ಸಂಗ್ರಹಕ್ಕೆ ಬರುವಾಗ ಒಟ್ಟಿಗಿದ್ದವೆಲ್ಲ ಒಂದೇ ಕಾಲದವು ಎಂದು ಭಾವಿಸಲಾಗದು. ಕಟ್ಟುವ ಕ್ರಮವನ್ನು ಚಿತ್ರಿಸಿಕೊಳ್ಳದಿದ್ದರೆ ಮುಂದೊಂದು ದಿನ ಆ ಭಾಗಗಳನ್ನು ಜೋಡಿಸಲು ಚೌಕಿಯ ಅನುಭವವುಳ್ಳವರು ಸಿಗದೇ ಹೋಗಬಹುದು.

ಮೇಳಗಳ ತಿರುಗಾಟವು ಪತ್ತನಾಜೆಯಂದು, ಎಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ ಮುಗಿಯುತ್ತದೆ. ಆರು ತಿಂಗಳ ಬೆವರು ಕುಡಿದ ವೇಷಗಳು ಮಳೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಸೇರುತ್ತವೆ. ವರ್ಷದಲ್ಲಿ ಇದಕ್ಕಿಂತ ಕೆಟ್ಟ ಸಮಯ ಬೇರೆ ಇಲ್ಲ. ಪೆಟ್ಟಿಗೆಗೆ ಹಾಕುವ ಮೊದಲು ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಿಸುವುದು, ಚುಟ್ಟಿಯ ಅಕ್ಕಿಹಿಟ್ಟು ಬಟ್ಟೆಗೆ ಅಂಟಿದ್ದರೆ ಮೃದುವಾದ ಕುಂಚದಿಂದ ತೆಗೆಯುವುದು ಇಲ್ಲಿ ಅತಿ ಅಗತ್ಯವಾದ ಎರಡು ಕೆಲಸಗಳು. ಬಳಕೆಯಲ್ಲಿರುವ ವೇಷಕ್ಕೆ ಈ ನಿಯಮ. ಸಂಗ್ರಹಾಲಯಕ್ಕೆ ಸೇರಿದ ವೇಷದ ಕೊರಳಪಟ್ಟಿಯಲ್ಲಿ ಉಳಿದ ಮುಖವರ್ಣಿಕೆಯ ಕಲೆ ಸಾಕ್ಷ್ಯವೂ ಹೌದು. ಹಳೆಯ ಕಲಾವಿದರು ಬಳಸಿದ ಬಣ್ಣದ ಅಂಶ ಅದರಲ್ಲಿದೆ. ಹುಳ ತರುವ ಹಿಟ್ಟನ್ನು ತೆಗೆದು, ಬಣ್ಣವನ್ನು ಬಿಟ್ಟು, ಎರಡನ್ನೂ ಛಾಯಾಚಿತ್ರದೊಂದಿಗೆ ದಾಖಲಿಸುವುದು ಮಧ್ಯಮ ಮಾರ್ಗ.

ದೈವಾರಾಧನೆಯ ವಸ್ತುಗಳು

ಭೂತಕೋಲದ ಅಣಿ, ಗಗ್ಗರ, ಲೋಹದ ಮೊಗ ಮತ್ತು ಸಿರಿಗಳಲ್ಲಿ ಕೆಲವು ಸಂಗ್ರಹಾಲಯಗಳಲ್ಲಿ ಕಾಣುತ್ತವೆ. ಬಹುಪಾಲು ಇಂದಿಗೂ ಆರಾಧನೆಯಲ್ಲಿವೆ. ಎಳೆಯ ತೆಂಗಿನ ಗರಿಯ ತಿರಿಯನ್ನು ಪ್ರತಿ ಕೋಲಕ್ಕೂ ಹೊಸದಾಗಿ ಕಟ್ಟಲಾಗುತ್ತದೆ. ಅದು ಉಳಿಯಬೇಕಾದ ವಸ್ತುವಲ್ಲ. ಅಲ್ಲಿ ಕಾಪಾಡಬೇಕಾದದ್ದು ಕಟ್ಟುವ ವಿದ್ಯೆ, ದಾಖಲಿಸಬೇಕಾದದ್ದು ಕಟ್ಟುವವರ ಕೈಚಲನೆ. ಭಂಡಾರದಲ್ಲಿರುವ ವಸ್ತುವನ್ನು ಯಾರು, ಯಾವಾಗ ಮುಟ್ಟಬಹುದು ಎಂಬ ನಿಯಮಗಳು ಆಯಾ ದೈವಸ್ಥಾನಕ್ಕೆ ಸಂಬಂಧಿಸಿದವು. ದಾಖಲೆಕಾರನು ಅವನ್ನು ವಸ್ತುವಿನ ವಿವರದ ಭಾಗವಾಗಿಯೇ ಬರೆದುಕೊಳ್ಳಬೇಕು. ಮುಟ್ಟಲು ಅನುಮತಿಯಿಲ್ಲದ ಕಡೆ ಅಳತೆಯ ಅಂಕಣ ಖಾಲಿ ಉಳಿಯುವುದು ದೋಷವಲ್ಲ.

ಶ್ರುತಪಂಚಮಿಯ ಪದ್ಧತಿ

ಮೂಡುಬಿದಿರೆಯು ಧವಳಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳಿಗೆ ಪ್ರಸಿದ್ಧವಾಗಿದೆ. ಇವುಗಳಲ್ಲಿ 12ನೆಯ ಶತಮಾನಕ್ಕೆ ಸೇರಿದ ವರ್ಣಚಿತ್ರಗಳಿದ್ದು, ಅಲ್ಲಿನ ಭಕ್ತರ ಆಕೃತಿಗಳು ಆ ಕಾಲದ ಉಡುಗೆಯ ಅಧ್ಯಯನಕ್ಕೂ ಆಧಾರವಾಗಿವೆ. ಜ್ಯೇಷ್ಠ ಶುಕ್ಲ ಪಂಚಮಿಯಂದು ಆಚರಿಸುವ ಶ್ರುತಪಂಚಮಿಯಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಸುತ್ತಿದ ಬಟ್ಟೆಯನ್ನು ಬದಲಿಸಿ ಪೂಜಿಸುವ ಸಂಪ್ರದಾಯ ಜೈನರಲ್ಲಿದೆ. ಈ ತಿಥಿ ಮುಂಗಾರಿನ ಹೊಸ್ತಿಲಲ್ಲಿ ಬರುತ್ತದೆ. ಇಂದಿನ ಸಂರಕ್ಷಣಾ ಶಾಸ್ತ್ರ ಹೇಳುವ ವಾರ್ಷಿಕ ತಪಾಸಣೆಯೂ ಇದೇ ಆಗಿದೆ, ದಿನ ನಿಗದಿಯಾಗಿರುವುದರಿಂದ ಮರೆತುಹೋಗುವ ಭಯವೂ ಇಲ್ಲ. ತೆಗೆದ ಹಳೆಯ ಹೊದಿಕೆ ಬಟ್ಟೆಗಳು ಸ್ವತಃ ಹಳೆಯ ವಸ್ತ್ರಗಳ ಮಾದರಿಗಳಾಗಿರಬಹುದು. ಅವನ್ನು ವಿಲೇವಾರಿ ಮಾಡುವ ಮೊದಲು ನೋಡುವುದು ಯುಕ್ತ.

ಶೇಖರಣೆ, ಕೀಟ ನಿಯಂತ್ರಣ ಮತ್ತು ಶುಚಿಗೊಳಿಸುವಿಕೆ

ಸೀರೆ, ಶಾಲುಗಳಂಥ ಚಪ್ಪಟೆ ಬಟ್ಟೆಗಳನ್ನು ಆಮ್ಲರಹಿತ ಕಾಗದ ಅಥವಾ ಒಗೆದ ಬಿಳುಪುಮಾಡದ ಹತ್ತಿಯನ್ನು ಸುತ್ತಿದ ದಪ್ಪ ಕೊಳವೆಗೆ ಸುರುಳಿ ಸುತ್ತುವುದು ಶ್ರೇಷ್ಠ. ಸ್ಥಳವಿಲ್ಲದೆ ಮಡಿಚಲೇಬೇಕಾದರೆ ಪ್ರತಿ ಮಡಿಕೆಯೊಳಗೆ ಬಟ್ಟೆಯ ಸಣ್ಣ ಸುರುಳಿಯನ್ನಿಟ್ಟು, ವರ್ಷಕ್ಕೊಮ್ಮೆ ಮಡಿಕೆಯ ಗೆರೆಯನ್ನು ಬದಲಿಸಬೇಕು. ಜರಿಯ ಸೀರೆ ಮಡಿಕೆಯಲ್ಲೇ ಸೀಳುವುದನ್ನು ಬಹಳ ಮನೆಗಳಲ್ಲಿ ಕಾಣಬಹುದು. ಹಳೆಯ ಉಡುಪನ್ನು ಕಬ್ಬಿಣದ ತಂತಿಯ ಹ್ಯಾಂಗರಿಗೆ ತೂಗುಹಾಕಿದರೆ ಹೆಗಲು ಹರಿಯುತ್ತದೆ. ಪಾಲಿಥೀನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದರಿಂದ ತೇವ ಒಳಗೇ ಉಳಿಯುತ್ತದೆ. ಮರದ ಕಪಾಟಿನಿಂದ ಆಮ್ಲದ ಆವಿ ಹೊರಡುವುದರಿಂದ ಬಟ್ಟೆ ಮರವನ್ನು ಮುಟ್ಟದಂತೆ ತಡೆಯಿರಬೇಕು. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬಾರದು.

ನಾಫ್ತಲಿನ್ ಗುಳಿಗೆಗಳು ಮನೆಮನೆಯಲ್ಲಿ ಬಳಕೆಯಲ್ಲಿದ್ದರೂ ಅವುಗಳ ಆವಿ ಕೆಲಸ ಮಾಡುವವರ ಆರೋಗ್ಯಕ್ಕೆ ಒಳ್ಳೆಯದಲ್ಲ. ಲಾವಂಚ, ಒಣ ಬೇವಿನ ಎಲೆ, ಲವಂಗಗಳನ್ನು ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿ, ವಸ್ತ್ರಕ್ಕೆ ತಾಗದಂತೆ ಇಡಬಹುದು. ಇವು ಹುಳವನ್ನು ದೂರವಿಡಲು ನೆರವಾಗಬಹುದು, ಒಳಗೆ ಸೇರಿದ ಹುಳವನ್ನು ಕೊಲ್ಲಲಾರವು. ಹುಳ ಬಿದ್ದ ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಒಂದೆರಡು ವಾರ ಇರಿಸುವ ವಿಧಾನ ಲೋಕದಾದ್ಯಂತ ಬಳಕೆಯಲ್ಲಿದೆ. ಚೀಲವನ್ನು ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬಾರದು. ಕನ್ನಡಿ, ಮರ ಮತ್ತು ಬಣ್ಣ ಲೇಪಿಸಿದ ಭಾಗಗಳಿರುವ ಯಕ್ಷಗಾನದ ಆಭರಣಗಳಿಗೆ ಈ ವಿಧಾನವನ್ನು ತಜ್ಞರನ್ನು ಕೇಳದೆ ಅನ್ವಯಿಸಬಾರದು.

ಶುಚಿಗೊಳಿಸುವುದೆಂದರೆ ಒಗೆಯುವುದಲ್ಲ. ಬಲೆಯ ಬಟ್ಟೆಯನ್ನು ಹಾಸಿ, ಕಡಿಮೆ ಸೆಳೆತದ ಯಂತ್ರದಿಂದ ಧೂಳನ್ನು ಎಳೆಯುವುದರಿಂದಲೇ ಬಹುಪಾಲು ಪ್ರಯೋಜನ ಸಿಗುತ್ತದೆ. ಅಂಟುವಾಳದ ನೊರೆ ಮೃದುವಾದುದೆಂಬ ನಂಬಿಕೆಯಿಂದ ಹಳೆಯ ರೇಷ್ಮೆಯನ್ನು ಅದರಲ್ಲಿ ಅದ್ದುವವರಿದ್ದಾರೆ. ನೀರೇ ಅಲ್ಲಿ ಅಪಾಯಕಾರಿ, ನೊರೆಯಲ್ಲ. ಒದ್ದೆಯಾದ ಹಳೆಯ ರೇಷ್ಮೆ ತನ್ನ ಭಾರವನ್ನೇ ತಾಳದೆ ಹರಿಯಬಹುದು, ಬಣ್ಣ ಹರಡಬಹುದು. ಹರಿದ ಕಡೆ ಅಂಟು ಮತ್ತು ಟೇಪುಗಳ ಬದಲಿಗೆ ಒಳಗಿನಿಂದ ತೆಳುಬಟ್ಟೆಯ ಆಧಾರ ಕೊಟ್ಟು, ಬೇಕೆನಿಸಿದಾಗ ಬಿಚ್ಚಬಹುದಾದ ಹೊಲಿಗೆ ಹಾಕಬೇಕು.

ಪ್ರದರ್ಶನ ಮತ್ತು ಎರವಲು

ಪ್ರದರ್ಶನದ ಬೆಳಕು 50 ಲಕ್ಸ್ ಮೀರಬಾರದೆಂಬುದು ಸ್ವೀಕೃತ ಮಿತಿ. ಒಂದೇ ಬಟ್ಟೆಯನ್ನು ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ತೆರೆದಿಡದೆ ಕತ್ತಲೆಯ ವಿಶ್ರಾಂತಿ ಕೊಡಬೇಕು. ಸಣ್ಣ ಸಂಗ್ರಹಗಳು ಎದುರಿಸುವ ದೊಡ್ಡ ಒತ್ತಡ ಬೇರೆಯೇ ಇದೆ. ವಾರ್ಷಿಕೋತ್ಸವಕ್ಕೆ, ಮೆರವಣಿಗೆಗೆ, ಛಾಯಾಚಿತ್ರಕ್ಕೆ ಹಳೆಯ ಉಡುಪನ್ನು ಒಂದು ದಿನದ ಮಟ್ಟಿಗೆ ಉಡಲು ಕೊಡಿ ಎಂಬ ಕೋರಿಕೆ ಅದು. ಕೇಳುವವರು ಆಪ್ತರೇ ಆಗಿರುತ್ತಾರೆ, ಕೆಲವೊಮ್ಮೆ ದಾನಿಯ ಮನೆಯವರೇ. ಆದರೆ ಒಂದು ಸಂಜೆಯ ಬೆವರು ಮತ್ತು ಎಳೆತ ಹತ್ತಾರು ವರ್ಷಗಳ ರಕ್ಷಣೆಯನ್ನು ಅಳಿಸಬಲ್ಲದು. ಉಡಲು ಕೊಡುವುದಿಲ್ಲ ಎಂಬ ಮಾತನ್ನು ದಾನಪತ್ರದಲ್ಲಿಯೇ ಬರೆದರೆ ನಿರಾಕರಣೆ ವೈಯಕ್ತಿಕವಾಗುವುದಿಲ್ಲ. ಬಳಕೆಗೆಂದು ಪ್ರತಿಕೃತಿ ನೇಯಿಸುವುದು ಇನ್ನೂ ಒಳ್ಳೆಯ ಉಪಾಯ, ನೇಕಾರರಿಗೂ ಅದರಿಂದ ಕೆಲಸ ದೊರೆಯುತ್ತದೆ.

ಕಾನೂನು ಮತ್ತು ಸಾಂಸ್ಥಿಕ ನೆರವು

1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು ಸಾಮಾನ್ಯವಾಗಿ 100 ವರ್ಷಕ್ಕಿಂತ ಹಳೆಯ ವಸ್ತುಗಳನ್ನು, ಹಸ್ತಪ್ರತಿಗಳಾದರೆ 75 ವರ್ಷಕ್ಕಿಂತ ಹಳೆಯವನ್ನು ಪ್ರಾಚೀನವೆಂದು ಪರಿಗಣಿಸುತ್ತದೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿ ನೆಲೆಸಿದ ಮಕ್ಕಳು ಅಜ್ಜಿಯ ಸೀರೆಯನ್ನು ಕೊಂಡೊಯ್ಯುವ ಮುನ್ನ ಈ ಅಂಶವನ್ನು ಗಮನಿಸುವುದು ಅಪರೂಪ.

ಭಾರತದ ವಸ್ತುಸಂಗ್ರಹಾಲಯಗಳ ಗಣಕೀಕೃತ ದಾಖಲೆಗಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ಜತನ್ ಎಂಬ ತಂತ್ರಾಂಶವನ್ನು ರೂಪಿಸಿದೆ. ತಾಂತ್ರಿಕ ಸಲಹೆಗೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಮೈಸೂರಿನ ಪ್ರಾದೇಶಿಕ ಘಟಕವೂ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರಗಳೂ ಇವೆ. ತಂತ್ರಾಂಶವಿಲ್ಲದ ಕಡೆ ಗೆರೆ ಎಳೆದ ನೋಟುಪುಸ್ತಕ, ಅಳತೆಪಟ್ಟಿ ಮತ್ತು ಮೊಬೈಲಿನ ಕ್ಯಾಮೆರಾ ಇದ್ದರೆ ಮೊದಲ ಹಂತದ ದಾಖಲೆ ಪೂರ್ಣವಾಗುತ್ತದೆ. ಛಾಯಾಚಿತ್ರದಲ್ಲಿ ವಸ್ತುವಿನ ಪಕ್ಕ ಅಳತೆಪಟ್ಟಿಯೂ ಸಂಖ್ಯೆಯ ಚೀಟಿಯೂ ಕಾಣುವಂತಿರಬೇಕು. ಮುಂಬದಿ, ಹಿಂಬದಿ, ಅಂಚು, ಸೆರಗು ಮತ್ತು ಹಾನಿಯ ಸ್ಥಳಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು.